ಉಣ್ಣದೆ ಹೋಗುವ ನೆಂಟರು

ನಮ್ಮ ಜನರ ಮನೆಗೆ ಬಂದವರು ಏನನ್ನೂ ಬಾಯಿಗೆ ಹಾಕಿಕೊಳ್ಳದೆ ಎದ್ದು ಹೋಗುವುದು ಸುಲಭವಲ್ಲ. "ಅರ್ಧ ಲೋಟ ಕಾಫಿಯಾದರೂ ಕುಡಿದು ಹೋಗಿ" ಎಂದು ಬಾಗಿಲಲ್ಲೇ ಅಡ್ಡಗಟ್ಟುವ ಪದ್ಧತಿಯನ್ನು ಸಮುದ್ರ ದಾಟಿ ಬಂದ ಮೇಲೂ ನಾವು ಬಿಟ್ಟಿಲ್ಲ. ಆದರೆ ನಾವಿರುವ ಈ ಪೂರ್ವ ಅಮೆರಿಕದ ಊರುಗಳಲ್ಲಿ, ಮರಗಿಡಗಳು ಹತ್ತಿರವಿರುವ ಮನೆಗಳಿಗೆ ಬೇಸಗೆಯ ರಾತ್ರಿ ಒಬ್ಬ ನೆಂಟ ಬರುವುದುಂಟು. ಎಷ್ಟು ಉಪಚಾರ ಮಾಡಿದರೂ ಈ ನೆಂಟ ಒಂದು ಹನಿ ನೀರನ್ನೂ ಮುಟ್ಟುವುದಿಲ್ಲ. ಮುಟ್ಟಲು ಅದಕ್ಕೆ ಕೆಲಸಕ್ಕೆ ಬರುವ ಬಾಯೇ ಇಲ್ಲ!

ಇದರ ಹೆಸರು ಲೂನಾ ಪತಂಗ. ಶಾಸ್ತ್ರೀಯ ಹೆಸರು ಆಕ್ಟಿಯಾಸ್ ಲೂನಾ. ರೆಕ್ಕೆ ಬಿಚ್ಚಿದರೆ ಮೂರರಿಂದ ನಾಲ್ಕೂವರೆ ಅಂಗುಲ ಅಗಲ. ಬಣ್ಣವಂತೂ ಎಳೆ ಬಾಳೆ ಎಲೆಯ ತಿಳಿ ಹಸಿರು. ಮುಂದಿನ ಅಂಚಿಗೆ ಸೀರೆಯ ಅಂಚಿನಂತೆ ಕೆನ್ನೇರಳೆ ಗೆರೆ. ನಾಲ್ಕು ರೆಕ್ಕೆಗಳ ಮೇಲೂ ಒಂದೊಂದು ಕಣ್ಣಿನ ಗುರುತು. ಹಿಂದೆ ಇಳಿಬಿದ್ದ ಎರಡು ಉದ್ದನೆಯ ಬಾಲ. ಇಷ್ಟು ಚೆಲುವಾದ ಜೀವದ ರೆಕ್ಕೆಯ ಬದುಕು ಸುಮಾರು ಒಂದು ವಾರ ಮಾತ್ರ. ಆ ವಾರವಿಡೀ ಅದಕ್ಕೆ ಊಟವಿಲ್ಲ, ನೀರಿಲ್ಲ.

ಈ ಸಂಗತಿ ಕೇಳಿದ ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದೇ: "ಹಾಗಾದರೆ ಪಾಪ, ಅದು ಹಸಿವಿನಿಂದ ಸಾಯುತ್ತದೆಯೆ?" ಪ್ರಶ್ನೆ ಚಿಕ್ಕದು, ಉತ್ತರ ಸ್ವಲ್ಪ ದೊಡ್ಡದು. ಅದನ್ನು ಹುಡುಕುತ್ತಾ ಹೋದರೆ ನಮ್ಮ ಊರಿನ ರೇಷ್ಮೆಯ ತನಕ, ನಮ್ಮ ಮನೆಯ ಸೀರೆಯ ಪೆಟ್ಟಿಗೆಯ ತನಕ ಬರಬೇಕಾಗುತ್ತದೆ.

ಯಾರು ಉಣ್ಣುತ್ತಾರೆ, ಯಾರು ಉಣ್ಣುವುದಿಲ್ಲ?

ಮೊದಲಿಗೆ ಒಂದು ಮಾತು. ಪತಂಗಗಳೆಲ್ಲ ಉಪವಾಸದವು ಎಂದು ತಿಳಿಯಬಾರದು. ಸಂಜೆ ಹೊತ್ತು ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ಸುರುಳಿ ನಾಲಿಗೆ ಚಾಚಿ ಮಕರಂದ ಹೀರುವ ಪತಂಗಗಳು ಎಷ್ಟೋ ಇವೆ. ಆದರೆ ಲೂನಾ ಸೇರಿರುವ ಸ್ಯಾಟರ್ನಿಡ್ ಎಂಬ ದೊಡ್ಡ ಕುಟುಂಬದಲ್ಲಿ ಈ ನಾಲಿಗೆ ಬೆಳೆಯದೆ ಮೊಟಕಾಗಿ ಉಳಿದಿದೆ. ಉತ್ತರ ಅಮೆರಿಕದ ಅತಿ ದೊಡ್ಡ ಪತಂಗವಾದ, ಐದರಿಂದ ಏಳು ಅಂಗುಲ ಅಗಲದ ಸೆಕ್ರೋಪಿಯ ಈ ಕುಟುಂಬದ್ದೇ. ನಮ್ಮ ಪಶ್ಚಿಮ ಘಟ್ಟಗಳ ಕಾಡಿನಲ್ಲಿರುವ, ಅಂಗೈಗಿಂತ ದೊಡ್ಡದಾದ ಅಟ್ಲಾಸ್ ಪತಂಗವೂ ಹೀಗೆಯೇ. ಲೂನಾಕ್ಕೆ ತೀರ ಹತ್ತಿರದ ಸಂಬಂಧಿ, ಆಕ್ಟಿಯಾಸ್ ಸೆಲೀನೆ ಎಂಬ ಭಾರತದ ಚಂದ್ರ ಪತಂಗವೂ ನಮ್ಮ ಕಾಡುಗಳಲ್ಲಿದೆ, ಅದೂ ಉಣ್ಣುವುದಿಲ್ಲ. ಬೇರೊಂದು ಕುಟುಂಬಕ್ಕೆ ಸೇರಿದ ರೇಷ್ಮೆ ಪತಂಗ, ಎಂದರೆ ನಮ್ಮ ಬಾಂಬಿಕ್ಸ್ ಮೋರಿ, ಅದೂ ಇದೇ ವ್ರತದ್ದು.

ಕೂಡಿಡುವ ಕಾಲ

"ಕೂತು ಉಂಡರೆ ಕುಡಿಕೆ ಹೊನ್ನು ಸಾಲದು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಪತಂಗ ಮಾತ್ರ ಒಂದು ಕುಡಿಕೆ ಹೊನ್ನನ್ನು ಹೊತ್ತುಕೊಂಡೇ ಹೊರಗೆ ಬರುತ್ತದೆ. ಅದನ್ನು ಕೂಡಿಟ್ಟದ್ದು ಯಾರು? ಇದೇ ಜೀವ, ಹುಳುವಾಗಿದ್ದಾಗ.

ಲೂನಾದ ಹುಳು ಅಕ್ರೋಟು, ಹಿಕರಿ, ಸ್ವೀಟ್‌ಗಮ್, ಬಿಳಿ ಬರ್ಚ್ ಮುಂತಾದ ಮರಗಳ ಎಲೆಯನ್ನು ಸುಮಾರು ಒಂದು ತಿಂಗಳು ತಿನ್ನುತ್ತದೆ. ಆ ತಿಂಗಳಲ್ಲಿ ಅದಕ್ಕೆ ಬೇರೆ ಉದ್ಯೋಗವಿಲ್ಲ. ನಮಗೆ ಹೆಚ್ಚು ಪರಿಚಯವಿರುವ ರೇಷ್ಮೆ ಹುಳುವಿನ ಲೆಕ್ಕ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯಿಂದ ಬಂದ ಸದಸ್ಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮೊಟ್ಟೆಯೊಡೆದಾಗ ಹುಳು ಕೂದಲಿನ ತುಂಡಿನಷ್ಟು ಇರುತ್ತದೆ. ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಸಲ ಪೊರೆ ಕಳಚಿ (ನಮ್ಮ ರೈತರು ಇದನ್ನು 'ಜ್ವರ' ಎನ್ನುತ್ತಾರೆ, ಒಂದನೇ ಜ್ವರ, ಎರಡನೇ ಜ್ವರ, ಹೀಗೆ), ಸುಮಾರು ಇಪ್ಪತ್ತೈದು ದಿನಗಳಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಮೂರು ಕಿಲೋ ತೂಕದ ಕೂಸು ಅದೇ ಲೆಕ್ಕದಲ್ಲಿ ಬೆಳೆದರೆ ತಿಂಗಳೊಳಗೆ ಮೂವತ್ತು ಸಾವಿರ ಕಿಲೋ ಆಗಬೇಕು. ಅದು ಆರೇಳು ಆನೆಗಳ ತೂಕ!

ನಾಲ್ಕನೇ ಜ್ವರ ಎದ್ದ ಮೇಲಿನ ಹುಳುವಿನ ಹಸಿವು ಹೇಳತೀರದು. ಜೀವನದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತಲೂ ಹೆಚ್ಚನ್ನು ಅದು ಈ ಕೊನೆಯ ವಾರದಲ್ಲೇ ಮುಗಿಸುತ್ತದೆ. ಹುಳು ಮನೆಯಲ್ಲಿ ಆಗ ಕೇಳುವ ಸದ್ದು ಸೋಗೆಯ ಮೇಲೆ ಮಳೆ ಬಿದ್ದಂತೆ ಇರುತ್ತದೆ. ಆಮೇಲೆ ಹುಳು ಹಣ್ಣಾಗುತ್ತದೆ. ಮೈ ತಿಳಿಯಾಗಿ, ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ ಆಡಿಸತೊಡಗುತ್ತದೆ. ಆಗ ಅದನ್ನು ಚಂದ್ರಿಕೆಯ ಮೇಲೆ ಬಿಡುತ್ತಾರೆ. ಅಲ್ಲಿಗೆ ಅದರ ಊಟ ಮುಗಿಯಿತು, ಈ ಜನ್ಮಕ್ಕೆ.

ಇನ್ನು ಮುಂದಿನ ಖರ್ಚೆಲ್ಲ ಈ ಉಳಿತಾಯದಿಂದಲೇ ನಡೆಯಬೇಕು. ಗೂಡು ನೇಯುವುದು ಅದರಿಂದ. ಗೂಡಿನೊಳಗೆ ಹುಳುವಿನ ಮೈಯನ್ನು ಕರಗಿಸಿ ಪತಂಗದ ಮೈಯನ್ನು ಕಟ್ಟುವುದು ಅದರಿಂದ. ರೆಕ್ಕೆ, ಕಾಲು, ಕಣ್ಣು, ಹಾರಾಟ, ಮೊಟ್ಟೆ, ಎಲ್ಲವೂ ಅದರಿಂದಲೇ. "ಆಳಾಗಿ ದುಡಿ, ಅರಸಾಗಿ ಉಣ್ಣು" ಎಂಬ ಗಾದೆಯನ್ನು ಈ ಜೀವ ತಿರುವಿ ಹಾಕಿದೆ. ಆಳಾಗಿದ್ದಾಗಲೇ ಉಂಡು ಮುಗಿಸಿ, ಅರಸಾದ ಮೇಲೆ ಉಪವಾಸ!

ಬಾಯಿ ಏಕೆ ಬೇಡವಾಯಿತು?

ಲೂನಾದ ಹೆಣ್ಣು ಗೂಡಿನಿಂದ ಹೊರಬರುವಾಗಲೇ ಅದರ ಹೊಟ್ಟೆಯ ತುಂಬ ಮೊಟ್ಟೆಗಳು ಸಿದ್ಧವಾಗಿರುತ್ತವೆ. ಎಲ್ಲವೂ ಹುಳು ತಿಂದ ಎಲೆಯಿಂದ ಆದವು. ಸಾಮಾನ್ಯವಾಗಿ ಅದು ಬೆಳಗಿನ ಹೊತ್ತು ಹೊರಬಂದು, ಮುದುಡಿದ ರೆಕ್ಕೆಗೆ ರಕ್ತ ತುಂಬಿಸಿ ಬಿಚ್ಚಿ, ಒಣಗಿಸಿಕೊಂಡು ಸಂಜೆಯವರೆಗೆ ಕಾಯುತ್ತದೆ. ಮೊದಲ ರಾತ್ರಿಯೇ, ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ, ಒಂದು ಬಗೆಯ ವಾಸನೆಯನ್ನು ಗಾಳಿಗೆ ಬಿಟ್ಟು ಗಂಡನ್ನು ಕರೆಯುತ್ತದೆ. ನಮ್ಮ ಮೂಗಿಗೆ ಆ ವಾಸನೆ ತಿಳಿಯುವುದಿಲ್ಲ. ಗಂಡಿನ ಕುಡಿಮೀಸೆಗಳು ಮಾತ್ರ ಗರಿಗಳಂತೆ ಅಗಲವಾಗಿ ಬಿಚ್ಚಿಕೊಂಡು ಅದನ್ನು ಗಾಳಿಯಿಂದ ಸೋಸಿ ಹಿಡಿಯುತ್ತವೆ. ಮರುದಿನ ಸಂಜೆಯಿಂದ ಹೆಣ್ಣು ಕೆಲವು ರಾತ್ರಿಗಳ ಕಾಲ ಎಲೆ ಎಲೆಗೂ ಹೋಗಿ ಮೊಟ್ಟೆಯಿಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಇಂತಹ ಬದುಕಿನಲ್ಲಿ ಹೂವು ಹುಡುಕಿ ಅಲೆಯುವುದಕ್ಕೆ ಸಮಯವೆಲ್ಲಿ? ನಾಲಿಗೆ ಬೆಳೆಸುವ, ಕರುಳು ನಡೆಸುವ ಖರ್ಚಾದರೂ ಏಕೆ? ಆ ಜಾಗವನ್ನೆಲ್ಲ ಹೆಣ್ಣಿನಲ್ಲಿ ಮೊಟ್ಟೆಗೆ, ಗಂಡಿನಲ್ಲಿ ಮೂಗಿಗೆ ಮತ್ತು ರೆಕ್ಕೆಗೆ ಕೊಟ್ಟಂತಾಗಿದೆ.

ಈ ವಾಸನೆಯ ಗುಟ್ಟು ಬಿಡಿಸಿದ್ದು ರೇಷ್ಮೆ ಪತಂಗದಿಂದಲೇ. ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬುಟೆನಾಂಟ್ ಮತ್ತು ಅವರ ಸಂಗಡಿಗರು ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂ ಪದಾರ್ಥವನ್ನು ಬೇರ್ಪಡಿಸಿ, 1959ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಕೀಟಗಳ ಕರೆಯ ವಾಸನೆಗಳಲ್ಲಿ ಮನುಷ್ಯನಿಗೆ ಮೊಟ್ಟಮೊದಲು ತಿಳಿದದ್ದು ಇದು. ಇಂದು ಬೆಳೆಯ ಹುಳು ಹಿಡಿಯಲು ತೋಟಗಳಲ್ಲಿ ತೂಗುಹಾಕುವ ವಾಸನೆಯ ಬೋನುಗಳು ಈ ವಿದ್ಯೆಯ ಮಕ್ಕಳೇ.

ಇನ್ನೊಂದು ಸ್ವಾರಸ್ಯವಿದೆ. ರೇಷ್ಮೆ ಪತಂಗದ ಬಾಯಿ ತಿನ್ನಲು ಬರುವುದಿಲ್ಲವಾದರೂ ತೀರ ವ್ಯರ್ಥವೂ ಅಲ್ಲ. ಬೇರೆ ಪತಂಗಗಳಲ್ಲಿ ಸುರುಳಿ ನಾಲಿಗೆಯಾಗುವ ಭಾಗವೇ ಇಲ್ಲಿ ಒಂದು ರಸವನ್ನು ಸುರಿಸುತ್ತದೆ. ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವ ಗೋಂದನ್ನು ಆ ರಸ ಕರಗಿಸಿ, ಗೂಡಿನ ತುದಿಯನ್ನು ಮೆತ್ತಗೆ ಮಾಡುತ್ತದೆ. ಪತಂಗ ಅಲ್ಲಿ ತಲೆ ತೂರಿಸಿ ಹೊರಬರುತ್ತದೆ. ಎಂದರೆ ಆ ಬಾಯಿ ಇರುವುದು ಒಂದೇ ಒಂದು ಸಲ ಬಾಗಿಲು ತೆರೆಯುವುದಕ್ಕೆ.

ನಾವು ಕಾಣದ ಪತಂಗ

ರೇಷ್ಮೆಯ ನಾಡಿನಿಂದ ಬಂದ ನಮ್ಮಲ್ಲಿ ಎಷ್ಟು ಜನ ರೇಷ್ಮೆ ಪತಂಗವನ್ನು ಕಂಡಿದ್ದೇವೆ? ಹುಳು ಕಂಡಿದ್ದೇವೆ, ಗೂಡು ಕಂಡಿದ್ದೇವೆ, ಸೀರೆಯನ್ನಂತೂ ಕಂಡೇ ಇದ್ದೇವೆ. ಪತಂಗವನ್ನು ಕಂಡವರು ಕಡಿಮೆ. ಕಾರಣ ಸರಳ. ಪತಂಗ ಹೊರಬಂದರೆ ಗೂಡಿಗೆ ತೂತು ಬಿದ್ದು ನೂಲು ತುಂಡಾಗುತ್ತದೆ. ಆದ್ದರಿಂದ ನೂಲು ಬಿಚ್ಚುವ ಗೂಡುಗಳಲ್ಲಿ ಕೋಶವನ್ನು ಬಿಸಿಯಿಂದ ಮೊದಲೇ ಕೊಲ್ಲುತ್ತಾರೆ. ರೆಕ್ಕೆ ಬರುವ ಭಾಗ್ಯ ಬಿತ್ತನೆಗೆಂದು ಆರಿಸಿಟ್ಟ ಗೂಡುಗಳಿಗೆ ಮಾತ್ರ.

ಬಿತ್ತನೆ ಕೋಠಿಯಲ್ಲಿ ಹೊರಬರುವ ಪತಂಗ ಮಾಸಲು ಬಿಳಿ ಬಣ್ಣದ, ದಪ್ಪ ಹೊಟ್ಟೆಯ ಬಡಪಾಯಿ. ಸುಮಾರು ಐದು ಸಾವಿರ ವರ್ಷ ಮನುಷ್ಯನ ಆಶ್ರಯದಲ್ಲಿ ಬೆಳೆದು ಹಾರುವುದನ್ನೂ ಮರೆತಿದೆ. ರೆಕ್ಕೆ ಬಡಿಯುತ್ತಾ ಓಡಾಡುತ್ತದೆ, ಅಷ್ಟೆ. ಗಂಡು ಹೆಣ್ಣುಗಳನ್ನು ಮೂರು ನಾಲ್ಕು ಗಂಟೆ ಕೂಡಲು ಬಿಟ್ಟು ಬೇರ್ಪಡಿಸುತ್ತಾರೆ. ಗಂಡುಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಇನ್ನೊಮ್ಮೆ ಬಳಸುವುದೂ ಉಂಟು. ಹೆಣ್ಣನ್ನು ಹಾಳೆಯ ಮೇಲೆ ಒಂದೊಂದಾಗಿ ಮುಚ್ಚಿಡುತ್ತಾರೆ. ಅದು ನಾನೂರು ಐನೂರು ಮೊಟ್ಟೆಯಿಡುತ್ತದೆ. ಆಮೇಲೆ ಆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ.

ಓದಲು ಕಠಿಣವೆನಿಸಬಹುದು. ಆದರೆ ಇದರ ಹಿಂದೆ ದೊಡ್ಡ ಕಾರಣವಿದೆ. ಪೆಬ್ರಿನ್ ಎಂಬ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಅದು ಫ್ರಾನ್ಸಿನ ರೇಷ್ಮೆಯನ್ನು ನೆಲಕಚ್ಚಿಸಿತ್ತು. 1865ರಿಂದ ಕೆಲವು ವರ್ಷ ಅದನ್ನು ಅಭ್ಯಾಸ ಮಾಡಿದ ಲೂಯಿ ಪಾಶ್ಚರ್, ತಾಯಿ ಪತಂಗವನ್ನು ಪರೀಕ್ಷಿಸಿ, ರೋಗ ಕಂಡರೆ ಅದರ ಮೊಟ್ಟೆಗಳನ್ನು ಸುಡುವ ವಿಧಾನವನ್ನು ಬಳಕೆಗೆ ತಂದರು. ಇಂದಿಗೂ ನಮ್ಮ ರೈತನ ಕೈಗೆ ಬರುವ ರೋಗರಹಿತ ಮೊಟ್ಟೆಯ ಹಿಂದೆ ಇರುವುದು ಇದೇ ಪರೀಕ್ಷೆ. ಹಬ್ಬದ ದಿನ ಮೈಸೂರು ರೇಷ್ಮೆ ಉಡುವಾಗ, ಉಣ್ಣದೆ ಬದುಕಿ ಮೊಟ್ಟೆಯಿಟ್ಟ ಒಂದು ತಾಯಿಯ ಕಥೆಯೂ ಅದರಲ್ಲಿದೆ ಎಂದು ನೆನೆಯಬಹುದು.

ಸೀರೆಯ ಪೆಟ್ಟಿಗೆಯ ಕಳ್ಳ

ಸೀರೆಯ ಮಾತು ಬಂದಾಗ ಗೃಹಿಣಿಯರಿಗೆ ಒಂದು ಉಪಯುಕ್ತ ವಿಷಯ ಹೇಳಿಬಿಡುತ್ತೇನೆ. ಈ ದೇಶದಲ್ಲಿ ಉಣ್ಣೆಯ ಕೋಟು, ಶಾಲುಗಳಿಗೆ ತೂತು ಬೀಳುವುದನ್ನು ಎಲ್ಲರೂ ಕಂಡಿರುತ್ತೀರಿ. ರೇಷ್ಮೆಗೂ ಆ ಭಯ ಇಲ್ಲದಿಲ್ಲ. ಇದನ್ನು ಮಾಡುವ ಬಟ್ಟೆಯ ಪತಂಗವೂ ಉಣ್ಣದ ಗುಂಪಿನದೇ. ಕಪಾಟಿನಲ್ಲಿ ಹಾರುವ ಆ ಒಣಹುಲ್ಲಿನ ಬಣ್ಣದ ಪುಟ್ಟ ಪತಂಗ ಒಂದು ಎಳೆಯನ್ನೂ ಕಡಿಯಲಾರದು. ಕಡಿಯುವುದು ಅದರ ಮರಿಹುಳು. ಹಾರುವುದನ್ನು ಹೊಡೆದು ಕೊಂದು ನೆಮ್ಮದಿಯಾಗಿ ಕೂತರೆ, ಮಡಿಕೆಯೊಳಗೆ ಊಟ ನಡೆದೇ ಇರುತ್ತದೆ. ಬೆವರು, ಎಣ್ಣೆ, ಊಟದ ಕಲೆಗಳಿರುವ ಬಟ್ಟೆ ಆ ಹುಳುಗಳಿಗೆ ಇನ್ನೂ ಇಷ್ಟ. ಆದ್ದರಿಂದ ಸಮಾರಂಭ ಮುಗಿಸಿ ಬಂದ ಸೀರೆಯನ್ನು ಶುಚಿಮಾಡದೆ ಒಳಗಿಡಬೇಡಿ. ಆಗಾಗ ಮಡಿಕೆ ಬಿಚ್ಚಿ ಗಾಳಿಯಾಡಿಸಿ. ದೀಪಕ್ಕೆ ಬರುವ ಪತಂಗಗಳನ್ನು ಕಂಡು "ಸೀರೆ ಹೋಯಿತು" ಎಂದು ಹೆದರಬೇಕಾಗಿಲ್ಲ. ಬಟ್ಟೆಯ ಪತಂಗಕ್ಕೆ ಕತ್ತಲೇ ಪ್ರೀತಿ.

ರೇಷ್ಮೆಯ ಆಸೆ, ಕಾಡಿನ ಕಷ್ಟ

ಉಳಿತಾಯದ ಮೇಲೆ ಬದುಕುವವನಿಗೆ ಅದು ಕೈಸೇರುವ ಮೊದಲೇ ಕಳ್ಳ ಬಿದ್ದರೆ ಎಲ್ಲವೂ ಹೋಯಿತು. ಅಮೆರಿಕದ ಪತಂಗಗಳಿಗೆ ಬಂದ ಕಷ್ಟ ಇಂಥದೇ. ಅದರ ಆರಂಭವೂ ರೇಷ್ಮೆಯ ಆಸೆಯಲ್ಲಿದೆ.

ಬಾಸ್ಟನ್ ಬಳಿಯ ಮೆಡ್‌ಫರ್ಡ್ ಎಂಬಲ್ಲಿ ಎಟಿಯೆನ್ ಲಿಯೊಪೋಲ್ಡ್ ಟ್ರೂವೆಲೋ ಎಂಬ ಫ್ರೆಂಚ್ ಗೃಹಸ್ಥರಿದ್ದರು. ಲೂನಾದ ಕುಟುಂಬಕ್ಕೆ ಸೇರಿದ ಪಾಲಿಫೀಮಸ್ ಪತಂಗದ ಹುಳುಗಳನ್ನು ಮನೆಯ ಹಿಂದೆ ಸಾಕಿ, ಅಮೆರಿಕದ ರೇಷ್ಮೆ ತೆಗೆಯುವ ಪ್ರಯೋಗ ಅವರದು. ಯೂರೋಪಿನಿಂದ ಅವರು ತರಿಸಿದ ಇನ್ನೊಂದು ಬಗೆಯ ಪತಂಗ ಸುಮಾರು 1869ರಲ್ಲಿ ತಪ್ಪಿಸಿಕೊಂಡಿತು. ಅದರ ಹುಳುಗಳು ಇಡೀ ಕಾಡುಗಳ ಎಲೆಯನ್ನು ಬೋಳಿಸತೊಡಗಿದವು. 2022ರಿಂದ ಅದನ್ನು ಇಲ್ಲಿ ಸ್ಪಂಜಿ ಮಾತ್ ಎಂದು ಕರೆಯುತ್ತಾರೆ. ಅದರ ಪತಂಗವೂ ಉಣ್ಣುವುದಿಲ್ಲ. ಆದರೆ ಹುಳುವಿನ ಹಸಿವೇ ಸಾಕಾಯಿತು.

ಅದನ್ನು ಹತೋಟಿಗೆ ತರಲು 1906ರಲ್ಲಿ ಯೂರೋಪಿನಿಂದ ಕಾಂಪ್ಸಿಲೂರ ಎಂಬ ನೊಣವನ್ನು ತಂದು ಬಿಟ್ಟರು. ಈ ನೊಣ ಹುಳುವಿನ ಮೈಯೊಳಗೆ ತನ್ನ ಮರಿಯನ್ನು ಇಡುತ್ತದೆ. ಮರಿ ಹುಳುವನ್ನು ಒಳಗಿನಿಂದ ತಿಂದು ಬೆಳೆಯುತ್ತದೆ. ತೊಂದರೆ ಏನೆಂದರೆ, ನೊಣಕ್ಕೆ ನಮ್ಮವರು ತಮ್ಮವರು ಎಂಬ ಭೇದವಿಲ್ಲ. 180ಕ್ಕೂ ಹೆಚ್ಚು ಜಾತಿಯ ಹುಳುಗಳ ಮೇಲೆ ಅದು ಬೀಳುತ್ತದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೆಕ್ರೋಪಿಯದ 500 ಹುಳುಗಳನ್ನು ಕಾಡಿನ ಮರಗಳ ಮೇಲೆ ಬಿಟ್ಟು ನೋಡಿದರು. ಒಂದೂ ಗೂಡು ಕಟ್ಟುವ ತನಕ ಉಳಿಯಲಿಲ್ಲ. ಸಾವುಗಳಲ್ಲಿ ಹೆಚ್ಚಿನ ಪಾಲು ಈ ನೊಣದ್ದೇ ಎಂದು 2000ದಲ್ಲಿ ಪ್ರಕಟಿಸಿದರು. ರೋಗಕ್ಕಿಂತ ಮದ್ದೇ ಜೋರಾದ ಕಥೆ ಇದು.

ದೀಪದ ವಿಷಯ

ಇನ್ನು ನಾವು ನೀವು ಮಾಡುವ ಹಾನಿ. ದೀಪಕ್ಕೆ ಬೀಳುವ ಪತಂಗವನ್ನು ನಮ್ಮಲ್ಲಿ ಮೋಹಕ್ಕೆ ಉಪಮೆಯಾಗಿ ಹೇಳಿಕೊಂಡು ಬಂದಿದ್ದೇವೆ. ಪತಂಗದ ಪಕ್ಷದಲ್ಲಿ ಈಗ ಒಂದು ಮಾತು ಹೇಳಬಹುದಾಗಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಫ್ಲಾರಿಡ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಸಂಶೋಧಕರು ಅತಿ ವೇಗದ ಕ್ಯಾಮೆರಾಗಳಿಂದ ದೀಪದ ಸುತ್ತ ಹಾರುವ ಕೀಟಗಳನ್ನು ಚಿತ್ರಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೀಟಗಳು ದೀಪದ ಕಡೆಗೆ ನೇರವಾಗಿ ಹಾರುತ್ತಿರಲಿಲ್ಲ. ದೀಪಕ್ಕೆ ಬೆನ್ನು ತಿರುಗಿಸುತ್ತಿದ್ದವು. ರಾತ್ರಿಯ ಆಕಾಶ ನೆಲಕ್ಕಿಂತ ತಿಳಿಯಾಗಿರುವುದರಿಂದ, ಬೆಳಕಿರುವುದೇ ಮೇಲ್ಭಾಗ ಎಂದು ಅವು ಕೋಟ್ಯಂತರ ವರ್ಷಗಳಿಂದ ನಂಬಿ ಬಂದಿವೆ. ನಮ್ಮ ದೀಪ ಆ ನಂಬಿಕೆಯನ್ನು ಕೆಡಿಸುತ್ತದೆ. ಬೆನ್ನನ್ನು ದೀಪದ ಕಡೆ ಓರೆ ಮಾಡಿದಾಗಲೆಲ್ಲ ದಾರಿ ತಿರುಗಿ, ಅದರ ಸುತ್ತಲೇ ಸಿಕ್ಕಿಬೀಳುತ್ತವೆ. ಅದು ಮೋಹವಲ್ಲ, ದಿಕ್ಕು ತಪ್ಪುವುದು.

ಉಂಡು ಬದುಕುವ ಪತಂಗಕ್ಕೆ ಒಂದು ರಾತ್ರಿ ಹಾಳಾದರೆ ಮರುದಿನ ಹೂವಿನಿಂದ ಸ್ವಲ್ಪ ತುಂಬಿಕೊಳ್ಳಬಹುದು. ಲೂನಾಕ್ಕೆ ಆ ಸೌಕರ್ಯವಿಲ್ಲ. ಅದರ ಬಳಿ ಇರುವುದೇ ಏಳೆಂಟು ರಾತ್ರಿ, ಕೈಯಲ್ಲಿರುವುದು ಮತ್ತೆ ತುಂಬದ ಕುಡಿಕೆ. ನಮ್ಮ ದೀಪದ ಸುತ್ತ ಒಂದು ರಾತ್ರಿ ತಿರುಗಿದರೆ ಬದುಕಿನ ಏಳನೆಯ ಒಂದು ಪಾಲು ಅಲ್ಲೇ ಕರಗಿತು. ಬಾವಲಿಯಿಂದ ತಪ್ಪಿಸಿಕೊಳ್ಳಲು ಅದಕ್ಕೆ ಉಪಾಯವಿದೆ. ಅದರ ಉದ್ದನೆಯ ಬಾಲಗಳು ಹಾರುವಾಗ ತಿರುಗುತ್ತಾ ಬಾವಲಿಯ ಶಬ್ದಕ್ಕೆ ಸುಳ್ಳು ಗುರಿಯನ್ನು ಒಡ್ಡುತ್ತವೆ. 2015ರಲ್ಲಿ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದಲ್ಲಿ, ಬಾಲವಿಲ್ಲದ ಲೂನಾಗಳಲ್ಲಿ ಹತ್ತಕ್ಕೆ ಎಂಟು ಬಾವಲಿಯ ಪಾಲಾದವು. ಬಾಲವಿದ್ದವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾತ್ರ. ಆದರೆ ಅರವತ್ತು ವ್ಯಾಟಿನ ಬಲ್ಬಿನಿಂದ ತಪ್ಪಿಸಿಕೊಳ್ಳುವ ಬಾಲ ಯಾವುದಕ್ಕೂ ಬೆಳೆದಿಲ್ಲ.

ನಮ್ಮಿಂದಾಗುವ ಉಪಚಾರ

ಈಗ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಬಹುದು. ಮಗು, ಯಾರೂ ಊಟ ಹಾಕಲಿಲ್ಲವೆಂದು ಅದು ಸಾಯುವುದಲ್ಲ. ಚಿಕ್ಕಂದಿನಲ್ಲಿ ಕೂಡಿಟ್ಟದ್ದನ್ನು ಕೊನೆಯ ಕಾಸಿನವರೆಗೂ ಮುಂದಿನವರಿಗಾಗಿ ಖರ್ಚು ಮಾಡಿ ಮುಗಿಸುತ್ತದೆ. ರೆಕ್ಕೆ ಹರಿದು ಗೋಡೆಗೆ ಕೂತ ಲೂನಾವನ್ನು ಕಂಡರೆ ಸಕ್ಕರೆ ನೀರು ಇಡಬೇಡ, ಅದಕ್ಕೆ ಪ್ರಯೋಜನವಿಲ್ಲ. ಮುಟ್ಟದೆ ನೋಡು, ಹೊರಗಿನ ದೀಪ ಆರಿಸು.

ಹಿರಿಯರು ಮಾಡಬಹುದಾದದ್ದೂ ಬಹಳವಿಲ್ಲ. ಬೇಸಗೆಯಲ್ಲಿ ಮಲಗುವ ಮುಂಚೆ ಮುಂಬಾಗಿಲ, ಹಿತ್ತಲ ದೀಪಗಳನ್ನು ಆರಿಸುವುದು. ಬೇಕೇ ಬೇಕೆಂದರೆ ಜನ ಬಂದಾಗ ಮಾತ್ರ ಹೊತ್ತುವ ದೀಪ ಹಾಕಿಸುವುದು. ಹೊಸ ಮನೆ ಕೊಂಡವರು ಹಿತ್ತಲಲ್ಲಿ ಒಂದು ಬರ್ಚ್ ಅಥವಾ ಹಿಕರಿ ಮರ ಇದ್ದರೆ ಅದನ್ನು ಉಳಿಸಿಕೊಳ್ಳುವುದು. ಎಲೆಯಲ್ಲಿ ನಾಲ್ಕು ತೂತು ಕಂಡಕೂಡಲೇ ಔಷಧಿ ಸಿಂಪಡಿಸದಿರುವುದು. ನೆಂಟನಿಗೆ ನಾವು ಬಡಿಸಬಹುದಾದ ಊಟ ಅದೊಂದೇ, ಅದೂ ಹುಳುವಾಗಿದ್ದಾಗ.

ಕೊನೆಯದಾಗಿ ಎಲೆಯ ವಿಷಯ. ಲೂನಾದ ಹುಳು ಎಲೆಯನ್ನೇ ಸುತ್ತಿಕೊಂಡು ತೆಳ್ಳನೆಯ ಗೂಡು ನೇಯುತ್ತದೆ. ಆ ಗೂಡು ಉದುರಿದ ಎಲೆಗಳ ನಡುವೆ ನೆಲದ ಮೇಲೆ ಇಡೀ ಚಳಿಗಾಲ ಕಳೆಯುತ್ತದೆ. ಅಕ್ಟೋಬರ್ ಬಂತೆಂದರೆ ನಾವೆಲ್ಲ ಎಲೆ ಗುಡಿಸಿ, ಚೀಲಗಳಲ್ಲಿ ತುಂಬಿ ರಸ್ತೆಯಂಚಿಗೆ ಇಡುತ್ತೇವೆ. ಮುಂದಿನ ಬೇಸಗೆಯ ನೆಂಟರನ್ನು ಎಷ್ಟೋ ಸಲ ಆ ಚೀಲದಲ್ಲೇ ಕಟ್ಟಿ ಕಳಿಸಿರುತ್ತೇವೆ. ಈ ವರ್ಷ ಮರದ ಬುಡದಲ್ಲಿ, ಬೇಲಿಯ ಮೂಲೆಯಲ್ಲಿ ಒಂದಿಷ್ಟು ಎಲೆಯನ್ನು ಹಾಗೆಯೇ ಬಿಡಿ. ಅಕ್ಕಪಕ್ಕದವರು ಕೇಳಿದರೆ, ನೆಂಟರು ಮಲಗಿದ್ದಾರೆ ಎಂದು ಹೇಳಿದರಾಯಿತು.